ತಲೆ ಬದಿ ಇಲ್ಲದ ಕಾಗದ

"ಹೂಂ... ಎಳಿ!" ಎಂದೆ.

ನಾದಿನಿ ಎಳೆದಳು, ನಾನೂ ಎಳೆದೆ. ನಮ್ಮಿಬ್ಬರ ನಡುವೆ ಜೋತುಬಿದ್ದಿದ್ದ ಹಾಸು ಪಟ್ ಎಂದು ಸದ್ದು ಮಾಡಿ ಹಲಗೆಯ ಹಾಗೆ ಬಿಗಿದು ನಿಂತಿತು. ಅವಳು ತನ್ನ ಮೂಲೆಗಳನ್ನು ಹಿಡಿದು ನನ್ನ ಕಡೆ ನಡೆದು ಬಂದಳು. ಮೂಲೆಗೆ ಮೂಲೆ ಸೇರಿಸಿದೆವು. ಮತ್ತೆ ಹಿಂದೆ ಸರಿದು, ಮತ್ತೆ "ಹೂಂ... ಎಳಿ!"

ದೊಡ್ಡ ಲಾಂಡ್ರಿಯಲ್ಲಿ ಹಾಸಿಗೆಯ ಹಾಸು ಮಡಿಸುವುದು ನಮ್ಮ ಕೆಲಸ. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಗಾಡಿಗಟ್ಟಲೆ ಬರುತ್ತವೆ. ಒಗೆದು, ಹಿಂಡಿ, ಬಿಸಿ ರೋಲರಿನ ಕೆಳಗೆ ಹಾದು ನಮ್ಮ ಕೈಗೆ ಬರುವಾಗ ಆಗ ತಾನೆ ಬೇಯಿಸಿ ತೆಗೆದ ಹಾಗಿರುತ್ತವೆ. ಪ್ರತಿ ಹಾಸಿಗೂ ಒಂದು ತಲೆ ಬದಿ, ಒಂದು ಕಾಲು ಬದಿ. ತಲೆ ಬದಿಯ ಹೊಲಿಗೆ ನಾಲ್ಕು ಬೆರಳು ಅಗಲ, ಕಾಲು ಬದಿಯದು ಒಂದೇ ಬೆರಳು. ತಲೆ ಬದಿ ಹಿಡಿದವರು ಕೂಗಬೇಕು, ಇಬ್ಬರೂ ಒಂದೇ ಉಸಿರಿಗೆ ಎಳೆಯಬೇಕು. ಒಬ್ಬರು ಮೊದಲು ಎಳೆದರೆ ಇನ್ನೊಬ್ಬರ ಕೈಯಿಂದ ಬಟ್ಟೆ ಜಾರಿ ನೆಲಕ್ಕೆ. ನೆಲಕ್ಕೆ ಬಿದ್ದದ್ದು ಮತ್ತೆ ಒಗೆಯಲು ಹೋಗಬೇಕು. ನಾದಿನಿ ಅಂದರೆ ನನ್ನ ಯಜಮಾನರ ತಂಗಿ. ಹತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಹೀಗೆ ಎದುರಾಬದುರು. ನನ್ನ ಯಜಮಾನರ ಮುಖವನ್ನೂ ನಾನು ಇಷ್ಟು ಹೊತ್ತು ನೋಡಿಲ್ಲ.

"ಬೇಗ ಬೇಗ ಅತ್ತಿಗೆ," ಎಂದಳು ಅವಳು. "ಇವತ್ತು ಮಂಗಳವಾರ."

"ಗೊತ್ತು ಕಣೆ. ಎಷ್ಟನೇದು ಇವತ್ತು?"

"ಹದಿನಾಲ್ಕು."

ಮಂಗಳವಾರ ಬಂದರೆ ಕಿವಿಯಣ್ಣ ಬರುತ್ತಾನೆ. ಕೆಲಸದ ಜಾಗಕ್ಕೇ ಬಂದು ಕೆಲಸದವರ ಕಷ್ಟಸುಖ ಕೇಳಿಸಿಕೊಂಡು ಹೋಗುವ ಇಂಥವರಿಗೆ ಚಾಪ್ಲೆನ್ ಎನ್ನುತ್ತಾರಂತೆ. ನಮ್ಮ ಲಾಂಡ್ರಿಯಲ್ಲಿ ಯಾರಿಗೂ ಆ ಮಾತು ನಾಲಿಗೆಗೆ ಹತ್ತಲಿಲ್ಲ. ಅವನ ಕಿವಿಗಳು ಎರಡು ಲೋಟದ ಹಿಡಿಗಳ ಹಾಗೆ ಆಚೆಗೆ ನಿಂತಿವೆ. ಅವನ ಕೆಲಸವೂ ಕಿವಿಯದೇ. ಹಾಗಾಗಿ ಕಿವಿಯಣ್ಣ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. "ಡ್ರೈವರ್ ಬೆನ್ನ ಹಿಂದೆ ಇಡೀ ಊರು ಮಾತಾಡುತ್ತೆ ಅಕ್ಕ, ಮುಖ ತಿರುಗಿಸದೆ ಕೇಳೋದನ್ನ ಅಲ್ಲೇ ಕಲಿತೆ" ಎಂದು ಒಮ್ಮೆ ನನಗೆ ಹೇಳಿದ್ದ.

ಅವನನ್ನು ಕಳಿಸುವವರು ಮೂರು ಚರ್ಚಿನವರು, ಒಟ್ಟಿಗೆ. ಬೀದಿಯ ಆ ತುದಿಯಲ್ಲಿ ಗೋಪುರ ಇರುವುದು ಗಂಟೆ ಚರ್ಚು. ಟೈರ್ ಅಂಗಡಿಯ ಮಹಡಿ ಮೇಲಿರುವುದು ಹಾಡಿನ ಚರ್ಚು. ಅವರು ಹಾಡಿದರೆ ಕೆಳಗೆ ಪೇರಿಸಿದ ಟೈರುಗಳು ಅಲ್ಲಾಡುತ್ತವೆ. ಇನ್ನೊಂದು ಮೌನದ ಚರ್ಚು. ಅಲ್ಲಿ ಎಲ್ಲರೂ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಾರೆ. ಮೂರರಲ್ಲಿ ಯಾವುದಕ್ಕೂ ಒಬ್ಬಂಟಿಯಾಗಿ ಇದನ್ನು ನಡೆಸುವ ಶಕ್ತಿ ಇರಲಿಲ್ಲ. ಗಂಟೆ ಚರ್ಚಿನವರು ಅವನಿಗೆ ತರಬೇತಿ ಕೊಡಿಸಿದರು, ಹಾಡಿನವರು ಸೈಕಲ್ ಕೊಟ್ಟರು, ಮೌನದವರು ಅವನು ಬರುವಾಗಲೆಲ್ಲ ದೊಡ್ಡ ಫ್ಲಾಸ್ಕಿನ ತುಂಬ ಟೀ ಕಳಿಸುತ್ತಾರೆ. ಲಾಂಡ್ರಿಯ ಒಳಗೆ ಯಾರನ್ನೂ ಯಾವ ಚರ್ಚಿಗೂ ಕರೆಯಬಾರದು ಎಂಬುದು ಕರಾರು. ಕಿವಿಯಣ್ಣ ಎರಡು ವರ್ಷದಲ್ಲಿ ದೇವರ ಹೆಸರೆತ್ತಿದ್ದು ಒಂದೇ ಸಲ, ಅದೂ ಟ್ರಾಲಿಗೂ ಬಾಗಿಲಿಗೂ ನಡುವೆ ಅವನ ಬೆರಳು ಸಿಕ್ಕಿಕೊಂಡಾಗ.

ನಾದಿನಿಯ ಗಂಡ ನಮ್ಮ ಲಾಂಡ್ರಿಯದೇ ಗಾಡಿ ಓಡಿಸುತ್ತಿದ್ದ. ಎಂಟು ತಿಂಗಳ ಹಿಂದೆ ತೀರಿಕೊಂಡ. ಅದಾದ ಮೇಲೆ ಅವಳು ಕೆಲಸಕ್ಕೆ ಬರುತ್ತಿದ್ದಳು, ಮೂಲೆಗೆ ಮೂಲೆ ಸೇರಿಸುತ್ತಿದ್ದಳು, ಮನೆಗೆ ಹೋಗುತ್ತಿದ್ದಳು. ಬಾಯಿ ಮಾತ್ರ ಹೊಲಿದುಬಿಟ್ಟ ಹಾಗೆ. ಒಂದು ಮಂಗಳವಾರ ಸೋಪಿನ ಡ್ರಮ್ಮುಗಳ ಪಕ್ಕದ ಬೆಂಚಿನ ಮೇಲೆ ಕಿವಿಯಣ್ಣ ಟೀ ಬಗ್ಗಿಸಿ ಕೊಟ್ಟು ಸುಮ್ಮನೆ ಕೂತ. ಇವಳೂ ಸುಮ್ಮನೆ ಕೂತಳು. ಎದ್ದು ಬರುವ ಮೊದಲು ಏನೋ ಹೇಳಿದಳು. ಆ ವಾರದಿಂದ ಮಂಗಳವಾರಕ್ಕೆ ಒಂದು ವರ್ಷದಂತೆ ತನ್ನ ಮದುವೆಯ ಕಥೆ ಹೇಳುತ್ತಿದ್ದಾಳೆ, ಮೊದಲ ವರ್ಷದಿಂದ, ಸಾಲಾಗಿ. ಒಟ್ಟು ಮೂವತ್ತೊಂದು ವರ್ಷ.

"ನನಗೇ ಹೇಳಬಹುದಿತ್ತಲ್ಲ" ಎಂದು ಒಮ್ಮೆ ಕೇಳಿದ್ದೆ.

"ನೀವು ಎಲ್ಲದಕ್ಕೂ ಅಲ್ಲೇ ಇದ್ರಲ್ಲ ಅತ್ತಿಗೆ. ಮಧ್ಯದಲ್ಲಿ ಬಾಯಿ ಹಾಕಿ, ಅದು ಹಾಗಲ್ಲ ಹೀಗೆ ಅಂತೀರ."

ಅದು ನಿಜವೇ. ಐದನೇ ವರ್ಷ ತಲುಪುವ ಹೊತ್ತಿಗೆ ಅವಳು ಊಟದ ಡಬ್ಬಿ ಪೂರ್ತಿ ಖಾಲಿ ಮಾಡತೊಡಗಿದಳು. ಒಂಬತ್ತನೇ ವರ್ಷದಲ್ಲಿ ನಕ್ಕಳು. ನಕ್ಕದ್ದಕ್ಕೆ ಹೆದರಿ ಸುತ್ತ ನೋಡಿದಳು, ಆಮೇಲೆ ಇನ್ನೊಮ್ಮೆ ನಕ್ಕಳು.

ಈ ಮಂಗಳವಾರ ಕಿವಿಯಣ್ಣ ಬಂದಾಗ ಅವನ ಕಿವಿಗಳೂ ಬಾಡಿದ ಹಾಗಿದ್ದವು. ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ಅಂಗಿಯ ಒಳಗಿಂದ ಒಂದು ಸುರುಳಿ ತೆಗೆದ.

"ಅಕ್ಕ, ಕಾಗದ ವಾಪಸ್ ಬಂತು."

ಈ ಕಾಗದದ ಕಥೆ ಹೇಳಬೇಕು. ಮೂರು ತಿಂಗಳ ಹಿಂದೆ ಹೊಸ ಮ್ಯಾನೇಜರ್ ಬಂದರು. ಚಿಕ್ಕ ವಯಸ್ಸು, ಕೆಟ್ಟವರಲ್ಲ, ಆದರೆ ಫೈಲಿನಲ್ಲಿ ಇಲ್ಲದ್ದು ಅವರ ಕಣ್ಣಿಗೆ ಕಾಣುವುದಿಲ್ಲ. ಕಿವಿಯಣ್ಣನನ್ನು ನೋಡಿ "ಇವರು ಯಾವ ಫೈಲಲ್ಲಿದ್ದಾರೆ?" ಎಂದರು. ಯಾವುದರಲ್ಲೂ ಇರಲಿಲ್ಲ. ಹೊರಗಿನವರು ಗೇಟು ದಾಟಬೇಕಾದರೆ ಮುಖ್ಯ ಕಚೇರಿಗೆ ಕಾಗದ ಹೋಗಬೇಕು ಎಂದರು. ಒಂದೇ ಚರ್ಚು ಬರೆದುಕೊಟ್ಟರೆ ನಡೆಯುವುದಿಲ್ಲ, ಜನ ಸೇರಿಸಿಕೊಳ್ಳಲು ಬಂದರು ಎಂದಾಗುತ್ತದೆ. ಮೂರೂ ಸೇರಿ ಒಂದೇ ಕಾಗದ, ಮೂರು ಸಹಿ. ಮೂರು ತಿಂಗಳು ಗಡುವು.

ಇಷ್ಟೇ ತಾನೆ ಎಂದುಕೊಂಡೆವು. ಮೊದಲನೆಯ ತೊಡಕು ಯಾರ ಹೆಸರು ಅಚ್ಚಾದ ಹಾಳೆಯಲ್ಲಿ ಬರೆಯುವುದು ಎಂದು. ಕೊನೆಗೆ ಬಿಳಿ ಹಾಳೆ ಎಂದಾಯಿತು, ಮೂರಕ್ಕೂ ಸೇರದವರ ಕೈಯಲ್ಲಿ ಬರೆಸುವುದು ಎಂದೂ ಆಯಿತು. ನಾನು ಯಾವ ಚರ್ಚಿಗೂ ಹೋಗುವವಳಲ್ಲ, ರಾತ್ರಿ ಶಾಲೆಯಲ್ಲಿ ತಿದ್ದಿದ ನನ್ನ ಅಕ್ಷರ ಕಾಳು ಪೋಣಿಸಿದ ಹಾಗಿರುತ್ತದೆ ಎಂದು ಕಿವಿಯಣ್ಣ ನನ್ನ ಮುಂದೆ ಹಾಳೆ ಇಟ್ಟ. ಬರೆದೆ.

"ಇವರನ್ನು ನಾವು ಮೂರು ಚರ್ಚಿನವರು ಸೇರಿ ಕಳಿಸುತ್ತಿದ್ದೇವೆ. ಇವರು ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ಯಾರನ್ನೂ ಯಾವ ಚರ್ಚಿಗೂ ಕರೆಯುವುದಿಲ್ಲ. ಕೇಳಿಸಿಕೊಂಡದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ತಪ್ಪಿದರೆ ನಾವು ಮೂವರೂ ಹೊಣೆ."

ಗಂಟೆ ಚರ್ಚಿನ ಫಾದರ್ ವಯಸ್ಸಾದವರು, ಅವರ ಚರ್ಚೂ ಊರಿಗೆಲ್ಲ ಹಳೆಯದು. ಎಲ್ಲಕ್ಕಿಂತ ಮೇಲೆ ಸಹಿ ಹಾಕಿದರು. ಹಾಡಿನ ಚರ್ಚಿನ ಪಾಸ್ಟರ್ ಅದನ್ನು ನೋಡಿ ಏನೂ ಅನ್ನದೆ ಮುಗುಳ್ನಕ್ಕರಂತೆ. ಆ ಮುಗುಳ್ನಗೆ ಫಾದರ್ ಮನಸ್ಸಿನಲ್ಲಿ ಕೂತುಬಿಟ್ಟಿತು. ಛೆ, ಈ ವಯಸ್ಸಿನಲ್ಲಿ ಮೊದಲ ಸ್ಥಾನಕ್ಕೆ ಆಸೆಪಟ್ಟೆನಲ್ಲ ಎಂದು ಕೊರಗಿ, ಕಾಗದ ವಾಪಸ್ ತರಿಸಿ ಹರಿದು, ಹೊಸದು ಬರೆಸಿದರು. ಈ ಸಲ ಹಾಳೆಯ ತೀರ ಕೆಳ ಅಂಚಿನಲ್ಲಿ, ಇರುವೆಗಾತ್ರದ ಸಹಿ. ಮೇಲೆ ಇಬ್ಬರಿಗೂ ಧಾರಾಳ ಜಾಗ.

ಪಾಸ್ಟರ್ ಬಿಡುತ್ತಾರೆಯೇ? ಹಿರಿಯರ ಮೇಲೆ ನಾನು ಹೇಗೆ ಸಹಿ ಹಾಕಲಿ ಎಂದು ಕಾಗದದ ಕೆಳಗೆ ಇನ್ನೊಂದು ಪಟ್ಟಿ ಅಂಟಿಸಿ ಅದರ ಕೆಳಗೆ ಹಾಕಿದರು. ಮೌನದ ಚರ್ಚಿನ ಅಜ್ಜಿ ಒಂದು ಮಾತೂ ಆಡದೆ ಅದಕ್ಕೂ ಒಂದು ಪಟ್ಟಿ ಅಂಟಿಸಿದರು. ಫಾದರ್ ಅದನ್ನು ಕಂಡು, ನನ್ನ ಸಹಿ ಮತ್ತೆ ಮೇಲೇ ಆಯಿತಲ್ಲ ಎಂದು ಹಳೆಯದನ್ನು ಹೊಡೆದುಹಾಕಿ ಇನ್ನೊಂದು ಪಟ್ಟಿ ಸೇರಿಸಿದರು. ವಾರಕ್ಕೆ ಒಂದು ಚರ್ಚು, ವಾರಕ್ಕೆ ಒಂದು ಪಟ್ಟಿ. ಅಳಿಸಿದ್ದು ಹೆಚ್ಚಾದಾಗ ನಾನು ಮೊದಲಿಂದ ಬರೆದುಕೊಡುತ್ತಿದ್ದೆ. ಹಾಗೆ ಆರು ಸಲ ಬರೆದೆ. ಮೂವರೂ ಒಳ್ಳೆಯವರೇ, ಒಳ್ಳೆಯವರಾದದ್ದೇ ಕಷ್ಟವಾಗಿತ್ತು. ಕೆಟ್ಟವರಾಗಿದ್ದರೆ ಯಾರಾದರೊಬ್ಬರು ಮೇಲೆ ಗೀಚಿ ಕೆಲಸ ಮುಗಿಸುತ್ತಿದ್ದರು.

ಕಿವಿಯಣ್ಣ ಸುರುಳಿ ಬಿಟ್ಟ. ಅದು ಮೇಜಿನ ಈ ತುದಿಯಿಂದ ಆ ತುದಿಗೆ ಉರುಳಿಕೊಂಡು ಹೋಗಿ ಕೆಳಕ್ಕೆ ಜೋತುಬಿತ್ತು.

"ಮ್ಯಾನೇಜರ್ ನೋಡಿ ಏನಂದ್ರು ಗೊತ್ತಾ? 'ಇದು ಕಾಗದವಾ, ಬ್ಯಾಂಡೇಜಾ?' ಅಂದ್ರು."

ನನಗೆ ನಗು ಬಂತು. ತಡೆದುಕೊಂಡೆ.

"ಶುಕ್ರವಾರ ಎರಡು ಗಂಟೆಗೆ ಅಂಚೆಯವರು ಗೇಟಿನ ಎದುರಿನ ಡಬ್ಬ ತೆಗೀತಾರೆ. ಅಷ್ಟರೊಳಗೆ ಸರಿಯಾದ ಕಾಗದ ಬೀಳದಿದ್ರೆ ಮುಂದಿನ ಮಂಗಳವಾರದಿಂದ ಗೇಟಲ್ಲೇ ನಿಲ್ಲಿಸ್ತಾರಂತೆ."

ನಾದಿನಿ ಮಡಿಸುತ್ತಿದ್ದ ದಿಂಬಿನ ಚೀಲ ಕೆಳಗಿಟ್ಟಳು.

"ನನ್ನನ್ನ ಹದಿನಾಲ್ಕನೇ ವರ್ಷದಲ್ಲಿ ನಿಲ್ಲಿಸಿಬಿಡ್ತಾರಾ?"

ಕಿವಿಯಣ್ಣ ಕಾಗದವನ್ನು ಮತ್ತೆ ಸುರುಳಿ ಸುತ್ತತೊಡಗಿದ.

"ಹದಿನಾಲ್ಕನೇ ವರ್ಷ ಪೂರ್ತಿ ಜಗಳ ಕಣಣ್ಣ. ನಾವಿಬ್ಬರೂ ಸರಿಯಾಗಿ ಮಾತಾಡದ ವರ್ಷ ಅದೊಂದೇ. ಅಲ್ಲಿಗೆ ನಿಲ್ಲಿಸಿದ್ರೆ ಅವರ ಬಗ್ಗೆ ನಿಮಗೆ ಏನು ಉಳಿಯುತ್ತೆ? ಹದಿನೈದರಲ್ಲಿ ಎಲ್ಲ ಸರಿ ಹೋಯ್ತು. ಅದನ್ನ ಹೇಳಬೇಕಲ್ಲ ನಾನು?"

"ಇವತ್ತೇ ಎರಡೂ ಹೇಳಿಬಿಡಮ್ಮ" ಎಂದ ಕಿವಿಯಣ್ಣ.

"ಆಗಲ್ಲ. ಒಂದು ವಾರ ನೆನಪು ಮಾಡಿಕೊಂಡರೇ ಒಂದು ವರ್ಷ ಬರೋದು."

ಆ ದಿನ ಅವಳು ಜಗಳದ ವರ್ಷವನ್ನು ಹೇಳಿಕೊಂಡು ಬಂದಳು. ಸಂಜೆಯವರೆಗೂ ಹಾಸುಗಳನ್ನು ಎಳೆದ ರಭಸಕ್ಕೆ ನನ್ನ ಭುಜ ಕಳಚಿಬರುವಂತಾಯಿತು.

ಬುಧವಾರ ನಾನು ಊಟದ ಹೊತ್ತಿನಲ್ಲಿ ಫಾದರ್ ಹತ್ತಿರ ಹೋಗಿ ಬಂದೆ. "ತಾಯಿ, ನನ್ನದು ಕೊನೆಯಲ್ಲಿದ್ದರೆ ಸಾಕು, ನನಗೆ ಬೇರೇನೂ ಹಟ ಇಲ್ಲ" ಎಂದರು. ಸಂಜೆ ಪಾಸ್ಟರ್ ಹತ್ತಿರ ಹೋದೆ. "ಅಮ್ಮ, ನಾವು ಎಲ್ಲರಿಗಿಂತ ಹೊಸಬರು, ಕೊನೆ ಬಿಟ್ಟು ಬೇರೆ ಎಲ್ಲಿ ಹಾಕಲಿ?" ಎಂದರು. ಮೌನದ ಅಜ್ಜಿಯ ಎದುರು ಅರ್ಧ ಗಂಟೆ ಕೂತೆ. ಅವರು ನನ್ನ ಕೈ ಹಿಡಿದುಕೊಂಡರು, ಬಿಸ್ಕತ್ತು ಕೊಟ್ಟರು, ಹೊರಡುವಾಗ ಬೆರಳಿನಲ್ಲಿ ಗಾಳಿಯಲ್ಲೇ ಕೆಳಗೆ ತೋರಿಸಿದರು.

ಗುರುವಾರ ಸಭಾಭವನದಿಂದ ದುಂಡು ಮೇಜಿನ ಬಟ್ಟೆಗಳು ಬಂದವು, ಎಂಬತ್ತು. ದುಂಡು ಬಟ್ಟೆ ಅಂದರೆ ನಮಗೆ ತಲೆನೋವು. ಮೂಲೆ ಇಲ್ಲದ್ದನ್ನು ಎಲ್ಲಿ ಹಿಡಿಯುವುದು? ತಲೆ ಬದಿ ಇಲ್ಲದ್ದಕ್ಕೆ ಯಾರು ಕೂಗುವುದು? ಆದ್ದರಿಂದ ದುಂಡು ಬಟ್ಟೆಗೆ ನಾವು ಸರದಿಯಲ್ಲಿ ಕೂಗುತ್ತೇವೆ, ಒಂದಕ್ಕೆ ನಾನು, ಒಂದಕ್ಕೆ ಅವಳು. ಹತ್ತು ಹನ್ನೆರಡು ಮಡಿಸಿರಬೇಕು. ಅವಳು ಕೂಗುವ ಸರದಿ. ಕೂಗಲಿಲ್ಲ. ಬಟ್ಟೆಯನ್ನು ಹಿಡಿದು ಹಾಗೇ ನಿಂತಳು.

"ಏನೇ ಆಯ್ತು?"

"ಅತ್ತಿಗೆ, ಇದಕ್ಕೆ ತಲೆ ಯಾವುದು, ಕಾಲು ಯಾವುದು?"

"ಹತ್ತೊಂಬತ್ತು ವರ್ಷ ಆದ ಮೇಲೆ ಕೇಳ್ತಿದ್ದೀಯಲ್ಲ. ಇದಕ್ಕೆ ಎರಡೂ ಇಲ್ಲ."

"ಮತ್ತೆ ಆ ಕಾಗದಕ್ಕೆ ಯಾಕೆ ಇರಬೇಕು?"

ನಾನು ಅವಳನ್ನೇ ನೋಡಿದೆ. ಬಟ್ಟೆ ಇಬ್ಬರ ಕೈಯಿಂದಲೂ ಜಾರಿ ನೆಲಕ್ಕೆ ಬಿತ್ತು. ಮತ್ತೆ ಒಗೆಯಲು ಹಾಕಿದೆವು, ಇಬ್ಬರೂ ನಗುತ್ತಾ.

ಸಂಜೆ ಮನೆಯಲ್ಲಿ ಒಂದು ಚೌಕ ಹಾಳೆ ತೆಗೆದು, ದೊಡ್ಡ ಸೋಪಿನ ಪುಡಿ ಡಬ್ಬದ ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದೆ. ಅದೇ ಐದು ವಾಕ್ಯಗಳನ್ನು ಗೆರೆಯ ಒಳಗೆ ದುಂಡಗೆ, ಹಾಳೆ ತಿರುಗಿಸುತ್ತಾ ಸುತ್ತಿ ಸುತ್ತಿ ಬರೆದೆ, ಏಳನೆಯ ಸಲ. ಗೆರೆಯ ಹೊರಗೆ ಸುತ್ತಲೂ ಖಾಲಿ ಬಿಟ್ಟೆ. ಬೆಳಿಗ್ಗೆ ಅದನ್ನು ಮ್ಯಾನೇಜರ್‌ಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ನಿಯಮದ ಪುಸ್ತಕ ತೆಗೆದು, ಬೆರಳಿಟ್ಟು ಓದಿದರು.

"ಒಂದೇ ಕಾಗದ, ಮೂರು ಸಹಿ ಅಂತ ಇದೆ. ಮೇಲೆ ಕೆಳಗೆ ಅಂತ ಏನೂ ಇಲ್ಲ." ಮತ್ತೊಮ್ಮೆ ಓದಿದರು. "ದುಂಡಗೆ ಹಾಕಬಾರದು ಅಂತಲೂ ಇಲ್ಲ. ಆದ್ರೆ ಎರಡು ಗಂಟೆ ಅಂದ್ರೆ ಎರಡು ಗಂಟೆ, ಅಮ್ಮ. ನಕಲು ನನ್ನ ಫೈಲಿಗೆ, ಅಸಲು ಅಂಚೆಗೆ."

ಈ ಕಾಗದ ಮತ್ತೆ ವಾರಕ್ಕೊಂದು ಚರ್ಚು ಸುತ್ತುವುದು ಬೇಡ ಎಂದು ಮೂವರನ್ನೂ ಲಾಂಡ್ರಿಗೇ ಕರೆಸಿದೆವು. ಕಿವಿಯಣ್ಣ ಸೈಕಲಿನಲ್ಲಿ ಮೂರು ಕಡೆಗೂ ಸುತ್ತಿ ಹೇಳಿ ಬಂದ. ಒಂದೂವರೆಗೆ ಮೂವರೂ ನಮ್ಮ ಬಾಗಿಲಿಗೆ ಬಂದರು. ಬಂದವರು ಅಲ್ಲೇ ನಿಂತರು.

"ನೀವು ಮೊದಲು, ಫಾದರ್."

"ಇಲ್ಲಪ್ಪ, ನೀವು ನಡೀರಿ."

ಇಬ್ಬರೂ ಅಜ್ಜಿಗೆ ದಾರಿ ಬಿಟ್ಟರು. ಅಜ್ಜಿ ಕೈ ಚಾಚಿ ಇಬ್ಬರಿಗೂ ದಾರಿ ತೋರಿಸಿದರು. ಗಡಿಯಾರದ ಮುಳ್ಳು ಐದು ನಿಮಿಷ ಮುಂದೆ ಹೋಯಿತು. ಒಳಗೆ ಊಟ ಮಾಡುತ್ತಿದ್ದವರೆಲ್ಲ ಡಬ್ಬಿ ಹಿಡಿದುಕೊಂಡೇ ನೋಡುತ್ತಿದ್ದರು. ರೋಲರಿನ ಹೆಂಗಸು "ಇವರು ಒಳಗೆ ಬರೋಷ್ಟರಲ್ಲಿ ನಾನು ರಿಟೈರ್ ಆಗ್ತೀನಿ" ಎಂದಳು.

ನಾದಿನಿ ಎದ್ದು ಹೋಗಿ ಅವರ ಹಿಂದಿನಿಂದ ಖಾಲಿ ಟ್ರಾಲಿಯೊಂದನ್ನು ತಳ್ಳಿಕೊಂಡು ಬಂದಳು. "ಗಾಡಿ ಬಂತು, ಗಾಡಿ! ದಾರಿ ಬಿಡಿ!"

ಮೂವರೂ ಒಟ್ಟಿಗೇ ಒಳಗೆ ನುಗ್ಗಿದರು. ಬಾಗಿಲು ಟ್ರಾಲಿಗೆಂದು ಮಾಡಿದ್ದು, ಅಗಲವಾಗಿತ್ತು.

ಮಡಿಸುವ ಮೇಜಿನ ಮೇಲೆ ದುಂಡು ಬಟ್ಟೆ ಹಾಸಿ ನಡುವೆ ಕಾಗದ ಇಟ್ಟಿದ್ದೆ. ಫಾದರನ್ನು ಒಂದು ಕಡೆ ನಿಲ್ಲಿಸಿದೆ, ಪಾಸ್ಟರನ್ನು ಇನ್ನೊಂದು ಕಡೆ, ಅಜ್ಜಿಯನ್ನು ಮತ್ತೊಂದು ಕಡೆ. "ಎಲ್ಲಿ ನಿಂತಿದ್ದೀರೋ ಅಲ್ಲಿಂದಲೇ ನಿಮ್ಮ ಕಡೆಗೆ ಇರೋ ಅಂಚಲ್ಲಿ ಸಹಿ ಹಾಕಿ" ಎಂದೆ.

ಫಾದರ್ ಬಗ್ಗಿ ನೋಡಿದರು. ಅವರ ಕಡೆಯಿಂದ ನೋಡಿದರೆ ಅವರ ಸಹಿಯ ಜಾಗ ಎಲ್ಲಕ್ಕಿಂತ ಕೆಳಗೆ ಇತ್ತು. ಅವರ ಮುಖ ಅರಳಿತು. ಪಾಸ್ಟರ್ ತಮ್ಮ ಕಡೆಯಿಂದ ಬಗ್ಗಿದರು; ಅವರದೂ ಎಲ್ಲಕ್ಕಿಂತ ಕೆಳಗೆ. ಅಜ್ಜಿಯೂ ನೋಡಿ ತಲೆ ಆಡಿಸಿದರು.

"ಬಹಳ ಚೆನ್ನಾಗಿದೆ" ಎಂದರು ಫಾದರ್. "ಹಾಕಿ ಪಾಸ್ಟರ್, ನೀವು ಹಾಕಿ."

"ಛೆ ಛೆ, ಮೊದಲು ನಿಮ್ಮ ಪೆನ್ನು ಮುಟ್ಟಲಿ."

ನನ್ನ ತಾಳ್ಮೆಗೆ ಹೆಸರಿದೆ ನಮ್ಮ ಲಾಂಡ್ರಿಯಲ್ಲಿ. ಆ ಹೊತ್ತು ಅದೂ ಒಣಗಿತು. ಗಡಿಯಾರ ಒಂದೂಮುಕ್ಕಾಲು ತೋರಿಸುತ್ತಿತ್ತು. ನಾದಿನಿ ಕೆಲಸದವರ ಜೇಬುಗಳಿಗೆ ಕೈ ಹಾಕಿ ಮೂರು ಪೆನ್ನು ಕಿತ್ತುಕೊಂಡು ಬಂದು ಮೂವರ ಕೈಗೂ ತುರುಕಿದಳು.

"ಇಲ್ಲಿ ಕೇಳಿ. ಇದು ಮಡಿಸೋ ಮನೆ. ಇಲ್ಲಿ ಯಾರೂ ಒಬ್ಬರೇ ಎಳೆಯೋ ಹಾಗಿಲ್ಲ. ಒಬ್ಬರು ಮೊದಲು ಎಳೆದರೆ ಬಟ್ಟೆ ನೆಲಕ್ಕೆ. ನಾನು ಕೂಗ್ತೀನಿ, ಎಲ್ಲರೂ ಒಂದೇ ಸಲಕ್ಕೆ. ಪೆನ್ನು ಹಾಳೆ ಮೇಲೆ ಇಡಿ... ಅಜ್ಜಿ, ನೀವೂ... ಹೂಂ... ಹಾಕಿ!"

ಮೂರು ಪೆನ್ನುಗಳು ಒಟ್ಟಿಗೆ ಓಡಿದವು. ಫಾದರ್ ಸಹಿ ಉದ್ದ, ಪಾಸ್ಟರದು ಕೊಕ್ಕೆ ಕೊಕ್ಕೆ, ಅಜ್ಜಿಯದು ಎರಡೇ ಅಕ್ಷರ. ಆದರೂ ಮೂವರೂ ಒಂದೇ ಗಳಿಗೆಯಲ್ಲಿ ಪೆನ್ನು ಎತ್ತಿದರು. ಅಜ್ಜಿ ತಮ್ಮದು ಮುಗಿದ ಮೇಲೂ ಉಳಿದವರಿಗಾಗಿ ಪೆನ್ನನ್ನು ಹಾಳೆಗೇ ಒತ್ತಿ ಹಿಡಿದಿದ್ದರು ಎಂದು ನಾನು ನೋಡಿದೆ. ಅಲ್ಲಿ ಒಂದು ದಪ್ಪ ಚುಕ್ಕೆ ಉಳಿದಿದೆ.

ಕೆಲಸದವರೆಲ್ಲ ಡಬ್ಬಿಯ ಮುಚ್ಚಳ ಬಡಿದರು. ಪಾಸ್ಟರ್ ಹಾಡಲು ಬಾಯಿ ತೆರೆದವರು ಕರಾರು ನೆನಪಾಗಿ ಮುಚ್ಚಿಕೊಂಡರು. ಆಗ ಮೌನದ ಅಜ್ಜಿ ಮಾತಾಡಿದರು. ಅವರ ದನಿ ನಾನು ಕೇಳಿದ್ದು ಅದೇ ಮೊದಲು.

"ಟೀ ಆರುತ್ತಿದೆ" ಎಂದರು.

ನಾನು ನಕಲು ಮಾಡಿಸಲು ಮ್ಯಾನೇಜರ್ ಕೋಣೆಗೆ ಓಡಿದೆ. ಅವರು ಯಂತ್ರಕ್ಕೆ ಹಾಕುವಾಗ ಯಾವ ಕಡೆ ಮೇಲೆ ಎಂದು ತಿಳಿಯದೆ ಎರಡು ಸಲ ತಿರುಗಿಸಿದರು. ಆಮೇಲೆ ಅವರಿಗೇ ನಗು ಬಂತು. ಹೇಗೋ ಒಂದು ಕಡೆ ಮಾಡಿ ನಕಲು ತೆಗೆದು, ಫೈಲಿಗೆ ಸೇರಿಸಿ, "ಇನ್ನು ಇವರು ನನ್ನ ಕಣ್ಣಿಗೆ ಕಾಣಿಸ್ತಾರೆ" ಎಂದರು. ಅಸಲನ್ನು ನಾನು ದುಂಡು ಬಟ್ಟೆ ಮಡಿಸುವ ಹಾಗೆ ಅರ್ಧ, ಮತ್ತೆ ಅರ್ಧ ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದೆ. ವಿಳಾಸ ಮೂರು ತಿಂಗಳ ಹಿಂದೆಯೇ ಬರೆದಿಟ್ಟದ್ದು, ಅಂಚೆಚೀಟಿಯ ಮೂಲೆ ಹಳದಿಯಾಗಿತ್ತು.

"ಕೊಡಿ, ನಾನು ಹಾಕ್ತೀನಿ" ಎಂದು ನಾದಿನಿ ಕೈಯಿಂದ ಕಸಿದುಕೊಂಡಳು.

ಅಂಗಳ ದಾಟುವಾಗ ಅವಳ ಚಪ್ಪಲಿಯ ಸದ್ದು ಕೇಳಬೇಕಿತ್ತು. ಕಿವಿಯಣ್ಣ ಅವಳ ಹಿಂದೆ, ನಾನು ಉಬ್ಬಸಪಡುತ್ತ ಅವನ ಹಿಂದೆ, ನನ್ನ ಹಿಂದೆ ಫಾದರ್, ಪಾಸ್ಟರ್, ಅಜ್ಜಿ, ಯಾರು ಮುಂದೆ ಯಾರು ಹಿಂದೆ ಎಂಬುದನ್ನೇ ಮರೆತು. ಗೇಟಿನ ಎದುರು, ರಸ್ತೆಯಾಚೆ ಅಂಚೆ ಡಬ್ಬ. ಬೀದಿಯ ತಿರುವಿನಲ್ಲಿ ಅಂಚೆಯವನ ಗಾಡಿ ಕಾಣಿಸಿತು.

ನಾದಿನಿ ಲಕೋಟೆಯನ್ನು ಡಬ್ಬದ ಬಾಯಿಗೆ ಇಟ್ಟು ಒಂದು ಕ್ಷಣ ಹಿಡಿದುಕೊಂಡಳು. ತಿರುಗಿ ನಮ್ಮನ್ನೆಲ್ಲ ನೋಡಿದಳು.

"ಮಂಗಳವಾರ ಬರ್ತೀರಲ್ಲ ಅಣ್ಣ?"

"ಬರದೆ ಇರ್ತೀನಾ? ಹದಿನೈದು ಬಾಕಿ ಇದೆ."

"ಹದಿನೈದು ಚೆನ್ನಾಗಿದೆ," ಎಂದಳು. "ಆ ವರ್ಷ ಅವರು ನನಗೆ ಸೈಕಲ್ ಕಲಿಸಿದ್ರು. ಚರಂಡಿಗೆ ಬಿದ್ದೆ."

"ನೀನೆಲ್ಲೇ ಬಿದ್ದದ್ದು, ಅವನು..." ಎಂದು ನಾನು ಶುರುಮಾಡಿದೆ.

"ಅತ್ತಿಗೆ!"

ನಾನು ಬಾಯಿ ಮುಚ್ಚಿಕೊಂಡೆ. ಅವಳು ಕೈ ಬಿಟ್ಟಳು. ಲಕೋಟೆ ಒಳಗೆ ಬಿದ್ದ ಸದ್ದು ಕೇಳಿಸಲಿಲ್ಲ ಎಂದು ಕಿವಿಯಣ್ಣ ಬಗ್ಗಿ, ಡಬ್ಬಕ್ಕೆ ತನ್ನ ದೊಡ್ಡ ಕಿವಿ ಹಚ್ಚಿದ. ನಾದಿನಿ ಮೇಲಿನಿಂದ ಅಂಗೈಯಲ್ಲಿ ಒಂದು ಏಟು ಹಾಕಿದಳು.

"ಬಿತ್ತು" ಎಂದ ಕಿವಿಯಣ್ಣ.